ಏಳನೇ ಕೋಣೆ ದಾಟಿದ ಅರ್ಜಿ

ನನ್ನ ತಪ್ಪನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಬೇರೆಯವರ ಬಾಯಿಂದ ಬಂದರೆ ಅದಕ್ಕೆ ಉಪ್ಪು ಖಾರ ಸೇರಿರುತ್ತದೆ. ತನ್ನನ್ನು ಜೈಲಿನಲ್ಲಿಟ್ಟದ್ದೇ ಅನ್ಯಾಯವೆಂದು ಕೇಳುವ ಆರ್ಲಿಸ್ ಪ್ರೊತ್ರೋನ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಫೆಡರಲ್ ಕೋರ್ಟಿಗೆ ಹಾಕಲು ಇದ್ದ ಕೊನೆಯ ದಿನವನ್ನು ನಾನು ತಪ್ಪಾಗಿ ಲೆಕ್ಕ ಹಾಕಿದ್ದೆ. ಒಂದೆರಡು ದಿನವಲ್ಲ, ತೊಂಬತ್ತು ದಿನ.

ನಾನೆಂದರೆ ವೆಂಡೆಲ್ ಸ್ಟೋವಾಲ್. ಟೆಕ್ಸಾಸಿನ ಈ ಕ್ರೇನ್ ಬೆಂಡ್ ಜೈಲಿಗೆ ಬಂದು ಮೂವತ್ತೊಂದು ವರ್ಷವಾಯಿತು. ಅದರಲ್ಲಿ ಇಪ್ಪತ್ತಾರು ವರ್ಷ ಲಾ ಲೈಬ್ರರಿಯ ಗುಮಾಸ್ತನಾಗಿ ಕಳೆದಿದ್ದೇನೆ. ನಾನು ಮಾಡಿದ ತಪ್ಪಿಗೇ ಒಳಗೆ ಬಂದವನು, ನನ್ನ ಪರವಾಗಿ ಹಾಕುವಂಥ ಅರ್ಜಿ ಯಾವುದೂ ಇಲ್ಲ. ಬೇರೆಯವರ ಅರ್ಜಿ ಬರೆಯುವುದೇ ನನ್ನ ಕಸುಬು. ಇಂಥವರನ್ನು ನಮ್ಮಲ್ಲಿ ರಿಟ್ ಬರೆಯುವವರು ಎನ್ನುತ್ತಾರೆ. ನನ್ನನ್ನು ಮಾತ್ರ ಎಲ್ಲರೂ 'ಜಡ್ಜ್' ಎಂದು ಕರೆಯುತ್ತಾರೆ. ಅದು ಗೌರವದ ಮಾತೆಂದು ಬಹಳ ವರ್ಷ ತಿಳಿದುಕೊಂಡಿದ್ದೆ.

ಆರ್ಲಿಸ್ ಆರಡಿ ಮೂರಿಂಚಿನ ಆಳು. ಹತ್ತೊಂಬತ್ತು ವರ್ಷದ ಹಿಂದೆ ಒಂದು ಪೆಟ್ರೋಲ್ ಬಂಕಿನಲ್ಲಿ ದರೋಡೆ ಮಾಡಿ ಅಲ್ಲಿ ಕೆಲಸಕ್ಕಿದ್ದವನನ್ನು ಕೊಂದನೆಂದು ಅವನಿಗೆ ಜೀವಾವಧಿ ಆಯಿತು. ಕಣ್ಣಾರೆ ಕಂಡೆನೆಂದು ಸಾಕ್ಷಿ ಹೇಳಿದ್ದು ಒಬ್ಬಳೇ ಹೆಂಗಸು. ಅವನ ಅಕ್ಕ ವರ್ಲೀನ್ ಶಾಲೆಯೊಂದರಲ್ಲಿ ಅಡುಗೆ ಕೆಲಸದವಳು. ತಮ್ಮನ ಕೇಸಿನ ಕಡತ ಕೊಡಿ ಎಂದು ಹನ್ನೊಂದು ವರ್ಷ ಪತ್ರ ಬರೆದಳು. ಕೊನೆಗೆ ಯಾರೋ ಬೇಸತ್ತು ಇಡೀ ಕಡತದ ನಕಲು ಕಳಿಸಿದರು. ಅದರೊಳಗೆ ಒಂದು ಚೀಟಿ ಇತ್ತು. ಕೊಲೆಯಾದ ದಿನವೇ ಆ ಸಾಕ್ಷಿ ಹೆಂಗಸು ಹೇಳಿದ್ದನ್ನು ಪೊಲೀಸಿನವನೊಬ್ಬ ಗೀಚಿಕೊಂಡದ್ದು: ಓಡಿಹೋದವನು ಗಿಡ್ಡ ಮನುಷ್ಯ, ನನ್ನ ಭುಜಕ್ಕೆ ಬರುತ್ತಿದ್ದ. ಈ ಚೀಟಿಯನ್ನು ಆರ್ಲಿಸ್‌ನ ವಕೀಲನಿಗೆ ಯಾರೂ ತೋರಿಸಿರಲಿಲ್ಲ.

ಇಂಥದ್ದೊಂದು ಕೈಗೆ ಸಿಕ್ಕಿದ ದಿನದಿಂದ ಫೆಡರಲ್ ಕೋರ್ಟಿಗೆ ಹೋಗಲು ಒಂದು ವರ್ಷದ ಗಡುವು. ಮೊದಲು ರಾಜ್ಯದ ಕೋರ್ಟಿನಲ್ಲಿ ಕೇಳಬೇಕು. ಅಲ್ಲಿ ಅರ್ಜಿ ಇರುವಷ್ಟು ಕಾಲ ಗಡುವಿನ ಗಡಿಯಾರ ನಿಂತಿರುತ್ತದೆ. ನಾವು ಕೇಳಿದೆವು. ಏಳು ತಿಂಗಳು ಇಟ್ಟುಕೊಂಡು ಅವರು ಒಂದೇ ವಾಕ್ಯದಲ್ಲಿ ಇಲ್ಲ ಎಂದರು. ಆ ಮೇಲೆ ದೇಶದ ಸುಪ್ರೀಂ ಕೋರ್ಟಿಗೆ ಹೋಗಲು ಇರುವ ತೊಂಬತ್ತು ದಿನವೂ ಗಡಿಯಾರ ನಿಂತೇ ಇರುತ್ತದೆಂದು ನಾನು ಹಿಡಿದಿದ್ದೆ. ಮೊದಲ ಮೇಲ್ಮನವಿಯಲ್ಲಿ ಅದು ನಿಜ. ಇದು ಎರಡನೇ ಸುತ್ತು, ಇಲ್ಲಿ ಆ ತೊಂಬತ್ತು ದಿನ ಲೆಕ್ಕಕ್ಕಿಲ್ಲ. ನನಗೆ ಅದು ಗೊತ್ತಿರಬೇಕಿತ್ತು. ಆದರೂ ಆರ್ಲಿಸ್‌ಗೆ ಆಗಸ್ಟ್ ತನಕ ಸಮಯವಿದೆ ಎಂದು ಪೆನ್ನಿನಿಂದ ಮೇಜು ಕುಟ್ಟಿ ಹೇಳಿದ್ದೆ.

ಮೇ ತಿಂಗಳಲ್ಲಿ ಜೈಲಿಗೆ ಬೀಗ ಬಿತ್ತು. ವರ್ಷಕ್ಕೆ ಎರಡು ಸಲ ಹೀಗಾಗುತ್ತದೆ. ಎಲ್ಲರೂ ತಮ್ಮ ಗಂಟುಮೂಟೆ ಹೊತ್ತು ಜಿಮ್ಮಿಗೆ ಹೋಗಬೇಕು, ಅಲ್ಲಿ ಒಂದೊಂದು ಕಾಲುಚೀಲವನ್ನೂ ಕೊಡವಿ ನೋಡುತ್ತಾರೆ, ಮತ್ತೆ ಕೋಣೆಗೆ ತಳ್ಳಿ ಬೀಗ ಹಾಕಿದರೆ ಎರಡು ಮೂರು ವಾರ ಯಾರೂ ಹೊರಗೆ ಬರುವಂತಿಲ್ಲ. ಊಟವೆಂದರೆ ಕಾಗದದ ಚೀಲದಲ್ಲಿ ಕಡಲೆಬೀಜದ ಬೆಣ್ಣೆ ಸವರಿದ ಬ್ರೆಡ್ಡು, ಒಂದು ಬೆಂದ ಮೊಟ್ಟೆ. ಲೈಬ್ರರಿ ಬಂದ್, ಟೈಪ್‌ರೈಟರ್ ಬಂದ್. ಬಿಸಿಲಿಗೆ ಗೋಡೆಯೇ ಬೆವರುತ್ತಿರುತ್ತದೆ.

ಐದನೇ ದಿನ, ಒಂದು ಗುರುವಾರ, ಬೆಳಗಿನ ಚೀಲ ಬಂದ ಮೇಲೆ ಜಿಮ್ಮಿನಲ್ಲಿ ಕಲಸಿಹೋಗಿದ್ದ ಕಾಗದಗಳನ್ನು ಜೋಡಿಸುತ್ತ ಕೂತಿದ್ದೆ. ಹಳೆಯ ತೀರ್ಪೊಂದರ ನಕಲು ಕೈಗೆ ಬಂತು. ಬೇರೆ ಕೆಲಸವಿಲ್ಲವಲ್ಲ, ಓದಿದೆ. ಮೂರನೇ ಪುಟದಲ್ಲಿ ಆ ತೊಂಬತ್ತು ದಿನದ ಮಾತು ಕರಿ ಅಕ್ಷರದಲ್ಲಿ ಕೂತಿತ್ತು. ಗೋಡೆಯ ಮೇಲಿನ ಕ್ಯಾಲೆಂಡರ್ ಹಿಡಿದು ಮೂರು ಸಲ ಎಣಿಸಿದೆ. ಮೂರು ಸಲವೂ ಬೆರಳು ಅದೇ ಗುರುವಾರದ ಮೇಲೆ ನಿಂತಿತು. ಆರ್ಲಿಸ್‌ನ ಗಡುವು ಅವತ್ತಿಗೇ ಮುಗಿಯುತ್ತಿತ್ತು.

ಒಂದೇ ಒಂದು ದಾರಿ ಉಳಿದಿತ್ತು. ನಾವು ಒಳಗಿರುವವರು, ಕೋರ್ಟಿನ ತನಕ ನಡೆದು ಹೋಗುವಂತಿಲ್ಲ. ಹಾಗಾಗಿ ಕೈದಿ ತನ್ನ ಅರ್ಜಿಯನ್ನು ಜೈಲಿನ ಅಧಿಕಾರಿಯ ಕೈಗೆ ಕೊಟ್ಟ ದಿನವನ್ನೇ ಕೋರ್ಟಿಗೆ ಸಲ್ಲಿಸಿದ ದಿನವೆಂದು ಹಿಡಿಯುತ್ತಾರೆ. ಸಂಜೆ ನಾಲ್ಕಕ್ಕೆ ಮಿಸ್ ಹೊಲ್ಲಿಸ್ ಎಂಬ ಗಾರ್ಡು ಊಟದ ಚೀಲ ಹಂಚುತ್ತ ಬಂದು ಕಾಗದ ಪತ್ರ ತೆಗೆದುಕೊಂಡು ಹೋಗುತ್ತಿದ್ದಳು. ಅಷ್ಟರೊಳಗೆ ಅರ್ಜಿ ಮುಗಿದು, ಆರ್ಲಿಸ್ ಸಹಿ ಹಾಕಿ, ಅವಳ ಕೈ ಸೇರಬೇಕು. ಅರ್ಜಿಯ ಕರಡು ನನ್ನ ಹತ್ತಿರವಿತ್ತು, ಕೊನೆಯ ಹನ್ನೊಂದು ಪುಟ ಇನ್ನೂ ಬರೆಯಬೇಕಿತ್ತು. ನಾನಿದ್ದದ್ದು ಮೂರನೇ ಕೋಣೆಯಲ್ಲಿ, ಆರ್ಲಿಸ್ ಹನ್ನೊಂದರಲ್ಲಿ. ನಡುವೆ ಏಳು ಕೋಣೆ, ಒಂದೊಂದರಲ್ಲಿ ಒಬ್ಬೊಬ್ಬ.

ಬೀಗ ಬಿದ್ದಾಗ ನಮ್ಮಲ್ಲಿ ವಸ್ತುಗಳು ಓಡಾಡುವುದು ದಾರದ ಮೇಲೆ. ಹಾಸಿಗೆ ಬಟ್ಟೆಯ ಎಳೆ ಬಿಚ್ಚಿ ಹೊಸೆದ ದಾರ; ತುದಿಗೆ ಭಾರಕ್ಕೆ ಒಣಗಿದ ಸೋಪಿನ ಬಿಲ್ಲೆ. ಕಂಬಿಯ ಕೆಳಗಿನಿಂದ ನೆಲದ ಮೇಲೆ ಜಾರಿಸಿದರೆ ಪಕ್ಕದವನು ತನ್ನ ದಾರದಿಂದ ಸಿಕ್ಕಿಸಿ ಎಳೆದುಕೊಳ್ಳುತ್ತಾನೆ, ಅವನು ಮುಂದಿನವನಿಗೆ. ಸಿಕ್ಕಿಬಿದ್ದರೆ ಶಿಕ್ಷೆ. ಕಾಫಿಪುಡಿ, ನೂಡಲ್ಸ್ ಪೊಟ್ಟಣ, ಒಬ್ಬನ ಹೆಂಡತಿಯ ಫೋಟೋ, ಎಲ್ಲವೂ ಹೀಗೆ ಹೋಗುತ್ತವೆ. ನಾನು ಮಾತ್ರ ಇಪ್ಪತ್ತಾರು ವರ್ಷದಲ್ಲಿ ದಾರ ಮುಟ್ಟಿದವನಲ್ಲ. ಗುಮಾಸ್ತಿಕೆ ಹೋಗುತ್ತದೆಂಬ ಭಯ; ಮೇಲಾಗಿ ನಾನು ಜಡ್ಜ್ ಅಲ್ಲವೇ.

ಅವತ್ತು ಹಾಸಿಗೆ ಬಟ್ಟೆ ಹರಿದೆ. ಮೊದಲು ಆರ್ಲಿಸ್‌ಗೆ ಒಂದು ಚೀಟಿ ಬರೆದೆ: ನಾನು ತಪ್ಪು ಲೆಕ್ಕ ಹಾಕಿದೆ, ಕೊನೆಯ ದಿನ ಇವತ್ತು, ಮಧ್ಯಾಹ್ನದೊಳಗೆ ಕಳಿಸುತ್ತೇನೆ, ಸಹಿ ಹಾಕಿ ಮಿಸ್ ಹೊಲ್ಲಿಸ್ ಕೈಗೆ ಕೊಡು. ಮುಚ್ಚಲು ಲಕೋಟೆ ಇರಲಿಲ್ಲ, ಇದ್ದದ್ದೊಂದು ಅರ್ಜಿಗೆ ಬೇಕಿತ್ತು. ಹಾಗಾಗಿ ಆ ಚೀಟಿ ಏಳೂ ಕೋಣೆಯ ಕಣ್ಣಿಗೆ ಬಿದ್ದೇ ಹೋಗಬೇಕಾಯಿತು.

ನಾಲ್ಕನೇ ಕೋಣೆಯ ಹಕಬಿ ಎಪ್ಪತ್ತು ದಾಟಿದ ಮುದುಕ. ಅವನ ಕೆಮ್ಮು ಕೇಳಿಸಿತು, ಆಮೇಲೆ ದನಿ.

"ಜಡ್ಜ್, ಇದು ನೀನೇ ಬರ್ದಿದ್ದಾ?"

"ಓದ್ಬೇಡ ಕಣೋ, ದಾಟಿಸು."

"ಓದಿ ಆಯ್ತಲ್ಲ ಮಾರಾಯ. ನೀನು ತಪ್ಪು ಮಾಡ್ದೆ ಅಂತ ನೀನೇ ಬರ್ದಿರೋದು. ಇದನ್ನ ಕಟ್ಟು ಹಾಕಿಸಿ ಇಟ್ಕೊಬೇಕು ಅನ್ನಿಸ್ತಿದೆ."

"ಹಕಬಿ, ಕಾಲಿಗೆ ಬೀಳ್ತೀನಿ, ಕಳಿಸು."

"ಕಂಬಿ ಇದೆ, ಹೆಂಗೆ ಬೀಳ್ತೀಯ," ಎಂದ ಮುದುಕ, ಆದರೆ ಅಷ್ಟರಲ್ಲಿ ಚೀಟಿ ಐದಕ್ಕೆ ಹೋಗಿತ್ತು. ಐದರವನು ನಕ್ಕ, ಆರರವನು ಸಿಳ್ಳೆ ಹಾಕಿದ. ನಾಚಿಕೆಯಿಂದ ನನ್ನ ಕಿವಿ ಸುಡುತ್ತಿತ್ತು.

ಅರ್ಧ ಗಂಟೆಯ ಮೇಲೆ ಅದೇ ಚೀಟಿಯ ಹಿಂಬದಿಯಲ್ಲಿ ಆರ್ಲಿಸ್‌ನ ಉತ್ತರ ಬಂತು. ಎಳೆಮಕ್ಕಳ ಹಾಗೆ ದಪ್ಪ ಅಕ್ಷರ: ಆಯ್ತು ಮಿಸ್ಟರ್ ಸ್ಟೋವಾಲ್. ನೀವು ಬರೀರಿ. ನಾನು ಬಾಗಿಲ ಹತ್ರಾನೇ ಕೂತಿರ್ತೀನಿ. ಅಷ್ಟೇ. ಒಂದು ಬೈಗುಳ ಹಾಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಬರೆಯತೊಡಗಿದೆ. ಮಂಚದ ತಗಡಿನ ಮೇಲೆ ಕಾಗದವಿಟ್ಟು, ಬೆವರು ಬೀಳದಂತೆ ಮುಂಗೈಗೆ ಟವೆಲ್ ಸುತ್ತಿಕೊಂಡು. ವರ್ಲೀನ್ ಬರೆದ ಪತ್ರಗಳ ತಾರೀಕು, ಚೀಟಿಯಲ್ಲಿದ್ದ ಮಾತು, ಆರ್ಲಿಸ್‌ನ ಎತ್ತರ. ಹನ್ನೊಂದನೇ ಪುಟ ಮುಗಿದಾಗ ಒಂದೂವರೆ ಗಂಟೆ ದಾಟಿತ್ತು, ಬೆರಳು ಮಡಿಸಲು ಬರುತ್ತಿರಲಿಲ್ಲ. ಒಟ್ಟು ಇಪ್ಪತ್ತೈದು ಪುಟ. ಐದೈದು ಹಾಳೆ ಸುರುಳಿ ಸುತ್ತಿ ದಾರಕ್ಕೆ ಕಟ್ಟಿದೆ. ಗಾರ್ಡು ಒಂದು ಸುತ್ತು ಹೋದ ಮೇಲೆ ಒಂದು ಸುರುಳಿ, ಮತ್ತೆ ಕಾಯುವುದು, ಮತ್ತೊಂದು. ನಾಲ್ಕು ಸುರುಳಿ ಹೋದವು. ಐದನೆಯದು, ಕೊನೆಯದು, ಸಹಿಯ ಹಾಳೆ ಇದ್ದದ್ದು, ಏಳನೇ ಕೋಣೆಯಲ್ಲಿ ನಿಂತುಬಿಟ್ಟಿತು.

ಏಳರಲ್ಲಿದ್ದವನು ಫರ್ಮಿನ್ ಓಲ್ವೆರಾ. ನಾಲ್ಕು ವರ್ಷದ ಹಿಂದೆ ಅವನು ತನ್ನ ಕೇಸಿನ ಕಾಗದ ಹಿಡಿದು ಲೈಬ್ರರಿಗೆ ಬಂದಿದ್ದ. ನಾನು ಓದಿ, ಎಲ್ಲರೆದುರು, ಇದರಲ್ಲಿ ಏನೂ ಇಲ್ಲ, ಕಾಗದ ದಂಡ ಮಾಡಬೇಡ ಎಂದು ಅವನ ಕಡೆಗೆ ತಳ್ಳಿದ್ದೆ. ಅದರಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಆದರೆ ಅವನು ಆ ಕಾಗದಗಳನ್ನು ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಜೋಡಿಸಿಕೊಂಡು ತಂದಿದ್ದ, ಅದನ್ನು ನಾನು ನೋಡಿಯೂ ಹಾಗೆ ಹೇಳಿದ್ದೆ. ಆಮೇಲೆ ಅವನು ನನ್ನೊಂದಿಗೆ ಮಾತಾಡಿರಲಿಲ್ಲ.

"ಓಲ್ವೆರಾ, ಏನಾಯ್ತು?"

"ಓದ್ತಾ ಇದೀನಿ."

"ಓದೋಕೆ ಕೊಟ್ಟಿದ್ದಲ್ಲ ಅದು."

"ಗೊತ್ತು. ನೀನು ನಂಗೆ ಯಾವತ್ತೂ ಏನೂ ಕೊಟ್ಟಿಲ್ಲ."

ಮೂರಕ್ಕೆ ಹದಿನೈದು ನಿಮಿಷ ಇತ್ತು. ಬೇಕಾದರೆ ನನ್ನನ್ನು ಬೈಯಿ, ಆರ್ಲಿಸ್‌ನ ಬದುಕಿಗೆ ಕಲ್ಲು ಹಾಕಬೇಡ ಎಂದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಮಾತಾಡಿದ.

"ಜಡ್ಜ್ ಸಾಹೇಬ್ರೇ, ಕೊನೇ ಹಾಳೇಲಿ ಒಂದು ಮಾತು ಬಿಟ್ಟಿದೀರಿ."

"ಯಾವುದು?"

"ಇಂಥ ದಿನ ಅಧಿಕಾರಿ ಕೈಗೆ ಕೊಟ್ಟೆ, ಅಂಚೆ ಸ್ಟಾಂಪ್ ಹಚ್ಚಿದೀನಿ, ಇದು ಸುಳ್ಳಾದ್ರೆ ಶಿಕ್ಷೆಗೆ ಒಳಪಡ್ತೀನಿ, ಅನ್ನೋದು. ಅದಿಲ್ದೆ ಇವತ್ತು ಕೊಟ್ರೂ ಇವತ್ತೇ ಕೊಟ್ಟಿದ್ದು ಅಂತ ಹೆಂಗೆ ಹೇಳ್ತೀರಿ?"

ಅವನು ಹೇಳಿದ್ದು ಅಕ್ಷರಶಃ ಸರಿ. ಟೈಪ್ ಮಾಡುವಾಗ ಸೇರಿಸೋಣವೆಂದು ಬಿಟ್ಟಿದ್ದೆ, ಅವಸರದಲ್ಲಿ ಮರೆತೇ ಹೋಗಿತ್ತು. "ನಿಂಗೆ ಇದೆಲ್ಲ ಹೆಂಗೆ ಗೊತ್ತು?" ಎಂದೆ.

"ಅವತ್ತು ನೀನು ಉಗಿದು ಕಳಿಸಿದ್ಮೇಲೆ ನಾನೇ ಪುಸ್ತಕ ತಂದು ಓದಿದೆ. ನಾಲ್ಕು ವರ್ಷ ಓದಿದೆ. ನನ್ನ ಕೇಸಲ್ಲಿ ಏನೂ ಇಲ್ಲ, ನೀನು ಹೇಳಿದ್ದು ಸರಿ. ಈಗ ಇದನ್ನ ವಾಪಸ್ ಕಳಿಸ್ಲಾ, ನಾನೇ ಬರೀಲಾ?"

"ಬರಿಯಪ್ಪ. ನೀನೇ ಬರಿ."

ಮೂರೂಕಾಲಿಗೆ ಕೊನೆಯ ಸುರುಳಿ ಹನ್ನೊಂದು ತಲುಪಿತು. ನಾಲ್ಕಕ್ಕೆ ಮಿಸ್ ಹೊಲ್ಲಿಸ್‌ಳ ಗಾಡಿಯ ಚಕ್ರ ಕಿರುಗುಟ್ಟುತ್ತ ನಮ್ಮೆದುರು ಹಾದು ಹೋಯಿತು. ನಾನು ಕಂಬಿಗೆ ಕೆನ್ನೆ ಒತ್ತಿ ಕೇಳಿಸಿಕೊಂಡೆ.

"ಮಿಸ್, ಇದು ಕೋರ್ಟಿಗೆ ಹೋಗ್ಬೇಕಾದ್ದು," ಆರ್ಲಿಸ್‌ನ ದನಿ. "ಇವತ್ತಿನ ತಾರೀಕು ಪುಸ್ತಕದಲ್ಲಿ ಬರ್ಕೊಂಡ್ರೆ ಉಪಕಾರ ಆಗುತ್ತೆ."

"ಆ ಪುಸ್ತಕ ಅಂಚೆ ಕೋಣೇಲಿದೆ, ಬೀಗ ತೆಗೆದ್ಮೇಲೆ ಅವ್ರೇ ಬರ್ಕೋತಾರೆ. ಕೊಡಿಲ್ಲಿ. ನಿನ್ನ ಮೊಟ್ಟೆ ತಗೋ."

ಗಾಡಿ ತಿರುಗಿ ಹೋಯಿತು. ಹಕಬಿ ಮುದುಕ ಸಣ್ಣಗೆ ಚಪ್ಪಾಳೆ ತಟ್ಟಿದ. ನಾನು ಮಂಚದ ಮೇಲೆ ಬಿದ್ದುಕೊಂಡು ಹತ್ತು ನಿಮಿಷ ಚಾವಣಿ ನೋಡಿದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಸರ್ಕಾರದ ವಕೀಲರ ಉತ್ತರ ಬಂತು. ಗಿಡ್ಡ ಮನುಷ್ಯನ ಬಗ್ಗೆ ಅದರಲ್ಲಿ ಒಂದಕ್ಷರವಿಲ್ಲ. ಅವರ ವಾದ ಇಷ್ಟೇ: ಅರ್ಜಿ ತಡವಾಗಿದೆ, ಎಸೆದುಬಿಡಿ. ಅಂಚೆ ಪುಸ್ತಕದಲ್ಲಿರುವ ತಾರೀಕು ಗುರುವಾರದ್ದಲ್ಲ, ಹನ್ನೊಂದು ದಿನದ ನಂತರದ್ದು, ಬೀಗ ತೆಗೆದ ದಿನದ್ದು. ಅಲ್ಲದೆ ಅರ್ಜಿಯಲ್ಲಿ ಮೂವರ ಕೈಬರಹವಿದೆ: ಗುಮಾಸ್ತ ಸ್ಟೋವಾಲ್‌ನದು, ಅರ್ಜಿದಾರನ ಸಹಿ, ಕೊನೆಯ ಹಾಳೆಯಲ್ಲಿ ಇನ್ನಾರದೋ. ಆ ವಾರ ಎಲ್ಲ ಕೈದಿಗಳೂ ಒಬ್ಬೊಬ್ಬರೇ ಬೀಗದೊಳಗಿದ್ದರು. ಒಂದೇ ಹಾಳೆ ಮೂವರ ಕೈಗೆ ಹೋಗುವುದು ಹೇಗೆ? ಬೀಗ ತೆಗೆದ ಮೇಲೆ ಒಟ್ಟಿಗೆ ಕೂತು ಬರೆದು, ಹಿಂದಿನ ತಾರೀಕು ಹಾಕಿದ್ದಾರೆ. ಮಿಸ್ ಹೊಲ್ಲಿಸ್‌ಳನ್ನು ಕೇಳೋಣವೆಂದರೆ ಅವಳು ಜೂನ್‌ನಲ್ಲೇ ಕೆಲಸ ಬಿಟ್ಟು ಹೋಗಿದ್ದಳು, ಎಲ್ಲಿಗೆಂದು ಯಾರಿಗೂ ತಿಳಿಯದು. ಜಡ್ಜು, ನಿಜವಾದ ಜಡ್ಜು, ನಮಗೆ ಉತ್ತರಿಸಲು ಮೂವತ್ತು ದಿನ ಕೊಟ್ಟರು.

ಆರ್ಲಿಸ್‌ನನ್ನು ಲೈಬ್ರರಿಗೆ ಕರೆದು ಎದುರು ಕೂರಿಸಿಕೊಂಡೆ.

"ನೋಡು, ಸುಲಭದ ದಾರಿ ಒಂದಿದೆ," ಎಂದೆ. "ಬೀಗ ಬೀಳೋಕೆ ಮುಂಚೇನೇ ನಾವಿಬ್ರೂ ಓಲ್ವೆರಾನೂ ಇಲ್ಲೇ ಕೂತು ಬರ್ದಿದ್ವಿ, ಆ ಗುರುವಾರ ನೀನು ಸಹಿ ಹಾಕಿ ಕೊಟ್ಟೆ ಅಂತ ಹೇಳಿದ್ರಾಯ್ತು. ಕೊಟ್ಟ ದಿನ ನಿಜಾನೇ ಅಲ್ವಾ. ಯಾರಿಗೂ ತೊಂದ್ರೆ ಇಲ್ಲ."

ಅವನು ತನ್ನ ದೊಡ್ಡ ಅಂಗೈಗಳನ್ನು ಮೇಜಿನ ಮೇಲಿಟ್ಟ.

"ಬೇಡ ಮಿಸ್ಟರ್ ಸ್ಟೋವಾಲ್. ಹತ್ತೊಂಬತ್ತು ವರ್ಷ ಇನ್ನೊಬ್ರ ಸುಳ್ಳಿಗೆ ಇಲ್ಲಿದೀನಿ. ಈಗ ನಾನೇ ಒಂದು ಹೇಳಿ ಹೊರಗೆ ಹೋದ್ರೆ ಅಕ್ಕನ ಮುಖ ಹೆಂಗೆ ನೋಡ್ಲಿ?"

"ನಿಜ ಹೇಳ್ಬೇಕು ಅಂದ್ರೆ ದಾರದ ವಿಷಯ ಹೇಳ್ಬೇಕು. ನೀನು, ನಾನು ಹೇಳಿದ್ರೆ ಸಾಲದು, ನಮ್ಮಿಬ್ರನ್ನೂ ಆಗ್ಲೇ ಸುಳ್ಳುಗಾರರು ಅಂದಾಗಿದೆ. ನಡುವೆ ಇದ್ದೋರೆಲ್ಲ ಹೇಳ್ಬೇಕು. ಹೇಳಿದೋರಿಗೆಲ್ಲ ಶಿಕ್ಷೆ. ಒಂದು ತಿಂಗಳು ಕ್ಯಾಂಟೀನ್ ಇಲ್ಲ, ಫೋನ್ ಇಲ್ಲ. ಯಾರು ಹೇಳ್ತಾರೆ?"

"ಕೇಳಿ ನೋಡ್ಬೋದಲ್ವಾ. ಇಲ್ಲ ಅಂದ್ರೆ ನಂಗೇನೂ ಬೇಜಾರಿಲ್ಲ."

ಬೇಜಾರಿಲ್ಲವಂತೆ. ನನಗೆ ಅವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಮರುದಿನ ಅಂಗಳದಲ್ಲಿ ಹಕಬಿಯಿಂದ ಶುರು ಮಾಡಿದೆ. ಅವನು ಬೇಲಿಯ ನೆರಳಲ್ಲಿ ಡೊಮಿನೊ ಆಡುತ್ತಿದ್ದ. ಕೇಳಿದ್ದಕ್ಕೆ ಆಟದಿಂದ ತಲೆಯನ್ನೇ ಎತ್ತಲಿಲ್ಲ.

"ಕಾಫಿ ಇಲ್ದೆ ಒಂದು ತಿಂಗಳಾ? ಡಾಕ್ಟ್ರೂ ಅದೇ ಹೇಳಿದಾರೆ. ಎಲ್ಲಿ ಸಹಿ ಹಾಕ್ಬೇಕು?"

"ಓದಿ ಹಾಕು."

"ಅವತ್ತು ಓದ್ಬೇಡ ಅಂದೆ, ಇವತ್ತು ಓದು ಅಂತೀಯ. ನಿನ್ನ ಕಾನೂನೇ ಅರ್ಥ ಆಗಲ್ಲ ಕಣೋ ಜಡ್ಜ್."

ಐದನೆಯವನು ತನಗೆ ಹೇಗೂ ಕ್ಯಾಂಟೀನ್ ನಿಂತಿದೆ ಎಂದು ನಕ್ಕು ಒಪ್ಪಿದ. ಆರನೆಯವನು ಎರಡು ದಿನ ಯೋಚನೆ ಮಾಡಿ, ಹೆಂಡತಿಗೆ ಫೋನ್ ಮಾಡಿ, ಇನ್ನು ಒಂದು ತಿಂಗಳು ಮಾತಾಡಲಾಗುವುದಿಲ್ಲ ಎಂದು ಹೇಳಿ ಬಂದು ಸಹಿ ಹಾಕಿದ. ಎಂಟು, ಒಂಬತ್ತು, ಹತ್ತು, ಒಬ್ಬೊಬ್ಬರೂ ನನಗೆ ಎರಡು ಮಾತು ಅಂದೇ ಸಹಿ ಮಾಡಿದರು. ಅಂದಷ್ಟೂ ಕೇಳಿಸಿಕೊಂಡೆ.

ಉಳಿದವನು ಓಲ್ವೆರಾ. ಅವನನ್ನು ಕೇಳಬಾರದೆಂದು ತೀರ್ಮಾನಿಸಿದ್ದೆ. ಇನ್ನು ಆರು ವಾರಕ್ಕೆ ಅವನಿಗೆ ಪೆರೋಲಿನ ಸಂದರ್ಶನವಿತ್ತು. ಶಿಕ್ಷೆ ಮುಗಿಯುವ ಮೊದಲೇ ಇವನನ್ನು ಮನೆಗೆ ಕಳಿಸಬಹುದೇ ಎಂದು ಅವತ್ತು ನೋಡುತ್ತಾರೆ. ಹನ್ನೆರಡು ವರ್ಷದಲ್ಲಿ ಒಂದೂ ತಪ್ಪಿಲ್ಲದ ಕಡತ ಅವನದು. ಅವನೇ ಲೈಬ್ರರಿಗೆ ಬಂದು ನನ್ನ ಮೇಜಿನೆದುರು ನಿಂತ.

"ನಂಗ್ಯಾಕೆ ಕೇಳ್ಲಿಲ್ಲ?"

"ಆರು ಜನರದ್ದು ಸಾಕು ಬಿಡು. ನಿಂದು ಬೇಡ."

"ಆರನೇ ಕೋಣೆಯಿಂದ ಎಂಟಕ್ಕೆ ಕಾಗದ ಹಾರ್ಕೊಂಡು ಹೋಯ್ತಾ? ಕೊನೇ ಹಾಳೆ ಮೇಲೆ ಇರೋ ಅಕ್ಷರ ಯಾರದ್ದು ಅಂತ ಹೇಳ್ತೀಯ?"

"ಓಲ್ವೆರಾ, ನಿನ್ನ ಸಂದರ್ಶನ ಇದೆ."

"ನನ್ನ ಸಂದರ್ಶನ ನಂಗೆ ಗೊತ್ತು." ಅಂಗಿಯೊಳಗಿಂದ ಎರಡು ಹಾಳೆ ತೆಗೆದು ಮೇಜಿನ ಮೇಲಿಟ್ಟ. ಅಂಚು ಅಂಚಿಗೆ ಕೂಡಿಸಿ ಮಡಿಸಿದ್ದ. "ನನ್ನ ಅಫಿಡವಿಟ್ಟು. ನಾನೇ ಬರ್ದಿದೀನಿ. ಒಂದಕ್ಷರ ತಿದ್ದಬೇಡ."

ಓದಿದೆ. ಯಾವ ಸುರುಳಿ ಯಾವಾಗ ಬಂತು, ಅವನು ಎಷ್ಟು ಹೊತ್ತು ಹಿಡಿದಿಟ್ಟುಕೊಂಡ, ಯಾಕೆ ಹಿಡಿದಿಟ್ಟುಕೊಂಡ, ಯಾವ ವಾಕ್ಯ ಬರೆದ, ಎಲ್ಲವೂ ಇತ್ತು. ನನಗೆ ಸ್ಟೋವಾಲ್ ಮೇಲೆ ಹಳೆಯ ಕೋಪವಿತ್ತು, ಅದಕ್ಕೇ ತಡ ಮಾಡಿದೆ ಎಂದು ತನಗೇ ಕೆಡುಕಾಗುವ ಮಾತನ್ನೂ ಬರೆದಿದ್ದ. ತಿದ್ದುವಂಥದ್ದು ಏನೂ ಇರಲಿಲ್ಲ. ಇಪ್ಪತ್ತಾರು ವರ್ಷ ನಾನು ಬರೆದ ಯಾವ ಅಫಿಡವಿಟ್ಟೂ ಅಷ್ಟು ನೇರವಾಗಿರಲಿಲ್ಲ.

"ಅವತ್ತು ನಾನು ನಿಂಗೆ ಹಾಗೆ ಹೇಳ್ಬಾರ್ದಿತ್ತು," ಎಂದೆ. "ಎಲ್ಲರ ಮುಂದೆ. ತಪ್ಪಾಯ್ತು."

"ಹೂಂ," ಎಂದ. "ಈಗ್ಲೂ ಇಲ್ಲಿ ನಾಲ್ಕು ಜನ ಕೂತಿದಾರೆ. ಸ್ವಲ್ಪ ಜೋರಾಗಿ ಹೇಳು," ಎಂದ.

ಎದ್ದು ನಿಂತು ಜೋರಾಗಿ ಹೇಳಿದೆ. ನಾಲ್ವರೂ ಪುಸ್ತಕದಿಂದ ತಲೆಯೆತ್ತಿ ನೋಡಿದರು. ಓಲ್ವೆರಾ ಕುರ್ಚಿ ಎಳೆದುಕೊಂಡು, ಉಳಿದವರ ಅಫಿಡವಿಟ್ಟುಗಳನ್ನು ಕೊಡು, ನೋಡುತ್ತೇನೆ ಎಂದ. ಎರಡು ಕಡೆ ತಾರೀಕು ತಪ್ಪಿದ್ದನ್ನು ಹಿಡಿದ.

ನಾನೂ ಒಂದು ಬರೆದೆ. ನನ್ನ ಲೆಕ್ಕ ತಪ್ಪಿದ್ದು, ಅದನ್ನು ಯಾವ ತೀರ್ಪು ಓದಿ ಕಂಡುಕೊಂಡೆ, ಆರ್ಲಿಸ್‌ಗೆ ಕಳಿಸಿದ ಚೀಟಿಯಲ್ಲಿ ಏನಿತ್ತು, ಎಲ್ಲವನ್ನೂ. ಎಲ್ಲ ಸೇರಿಸಿ ಅಂಚೆ ಕೋಣೆಯ ಕಿಟಕಿಯಲ್ಲೇ ನಿಂತು, ಪುಸ್ತಕದಲ್ಲಿ ತಾರೀಕು ಬರೆಸಿ ಕಳಿಸಿದೆವು.

ಹದಿನೈದು ದಿನಕ್ಕೆ ಕ್ಯಾಪ್ಟನ್ ಒಂಬತ್ತೂ ಜನರನ್ನು ಸಾಲಾಗಿ ನಿಲ್ಲಿಸಿದ. ಕೋರ್ಟಿಗೆ ಬರೆದದ್ದರ ನಕಲು ಅವನ ಕೈಯಲ್ಲಿತ್ತು. ಮೂವತ್ತು ದಿನ ಕ್ಯಾಂಟೀನ್ ಇಲ್ಲ, ಫೋನ್ ಇಲ್ಲ, ಎಲ್ಲರ ಕಡತದಲ್ಲೂ ಒಂದು ಕಪ್ಪು ಗೆರೆ. ನನ್ನ ಗುಮಾಸ್ತಿಕೆಯೂ ಹೋಯಿತು. ಮೂರು ತಿಂಗಳು ಅಡುಗೆಮನೆಯಲ್ಲಿ ಪಾತ್ರೆ ಉಜ್ಜಿದೆ. ನವೆಂಬರಿನಲ್ಲಿ ಓಲ್ವೆರಾನ ಸಂದರ್ಶನವಾಯಿತು. ಎದುರಿಗೆ ಕೂತ ಹೆಂಗಸು ದಾರದ ವಿಷಯವನ್ನೇ ಕೇಳಿದಳಂತೆ, ಇವನು ನಡೆದದ್ದನ್ನು ಹೇಳಿದನಂತೆ. ಒಂದು ವರ್ಷ ಬಿಟ್ಟು ನೋಡೋಣ ಎಂದು ಉತ್ತರ ಬಂತು. ಆ ಕಾಗದವನ್ನು ಅವನು ನನಗೆ ತೋರಿಸಿದ. "ಒಂದು ವರ್ಷ ತಾನೇ," ಎಂದು ಅವನೇ ನನಗೆ ಸಮಾಧಾನ ಹೇಳಿದ.

ಫೆಬ್ರವರಿ ಹನ್ನೆರಡರಂದು ಆರ್ಲಿಸ್‌ಗೆ ಕೋರ್ಟಿನ ಲಕೋಟೆ ಬಂತು. ಅವನೆದುರೇ ಗಾರ್ಡು ಅದನ್ನು ತೆರೆದು ಕೊಟ್ಟ. ಆರ್ಲಿಸ್ ಅದನ್ನು ಓದದೆ, ಎದೆಗೆ ಒತ್ತಿಕೊಂಡು ಎಲ್ಲರೂ ಸೇರುವ ಟಿವಿ ಹಾಲಿಗೆ ತಂದ. ನಾವೆಲ್ಲ ಊಟ ಮುಗಿಸಿ ಅಲ್ಲಿದ್ದೆವು.

"ನೀವೇ ಓದಿ ಮಿಸ್ಟರ್ ಸ್ಟೋವಾಲ್."

ಹದಿನಾಲ್ಕು ಪುಟ. ಮೊದಲು ಕೊನೆಯ ಪುಟ ತಿರುಗಿಸಿ ನೋಡಿದೆ, ಆ ಅಭ್ಯಾಸ ಬಿಡಲಾಗುವುದಿಲ್ಲ. ಅಕ್ಷರಗಳು ಮಂಜಾದವು. ಕನ್ನಡಕ ಒರೆಸಿಕೊಂಡು ಗಟ್ಟಿಯಾಗಿ ಓದಿದೆ. ಅರ್ಜಿಯು ಸಕಾಲದಲ್ಲಿ ಸಲ್ಲಿಕೆಯಾಗಿದೆ. ಬಚ್ಚಿಟ್ಟ ಚೀಟಿಯ ಬಗ್ಗೆ ಸರ್ಕಾರ ಉತ್ತರ ಕೊಡತಕ್ಕದ್ದು. ಅರ್ಜಿದಾರನಿಗೆ ಕೋರ್ಟೇ ವಕೀಲರನ್ನು ನೇಮಿಸುತ್ತದೆ. ಏಪ್ರಿಲ್ ಹದಿನಾಲ್ಕರಂದು ವಿಚಾರಣೆ, ಅರ್ಜಿದಾರನನ್ನು ಕೋರ್ಟಿಗೆ ಕರೆತರತಕ್ಕದ್ದು.

ಆರ್ಲಿಸ್ ಬೆಂಚಿನ ಮೇಲೆ ಕೂತ. ಯಾರೋ ಅವನ ಬೆನ್ನು ತಟ್ಟಿದರು. ನನಗೆ ಅಳು ಬಂತು, ಅತ್ತೆ, ಅದರಲ್ಲಿ ಮುಚ್ಚಿಡುವುದೇನು. ನನ್ನ ತಪ್ಪಿನಿಂದ ಒಬ್ಬ ಮನುಷ್ಯ ಇಲ್ಲೇ ಸಾಯುವ ಹಾಗಾಗಿತ್ತು.

ಗೋಡೆಯ ಫೋನಿನ ಸರದಿಯನ್ನು ಆರನೆಯವನು ಬಿಟ್ಟುಕೊಟ್ಟ. ಆರ್ಲಿಸ್ ವರ್ಲೀನ್‌ಗೆ ಕರೆ ಮಾಡಿದ, ಅವಳು ಹಲೋ ಎಂದಳು. ಇವನು ನೀವೇ ಹೇಳಿ ಎಂದು ರಿಸೀವರನ್ನು ನನ್ನ ಕೈಗೆ ಕೊಟ್ಟ.

"ವರ್ಲೀನಮ್ಮ, 'ಜಡ್ಜ್' ಸ್ಟೋವಾಲ್ ಮಾತಾಡ್ತಿರೋದು. ಭಯ ಪಡ್ಬೇಡಿ, ಒಳ್ಳೇ ಸುದ್ದಿ," ಎಂದು ಮತ್ತೆ ಕೊನೆಯ ಪುಟ ಓದಿದೆ. ಆ ಕಡೆಯಿಂದ ದೇವರೇ, ದೇವರೇ ಎಂಬುದೊಂದೇ ಕೇಳಿಸುತ್ತಿತ್ತು.

"ಒಂಬತ್ತನೇ ಪುಟಾನೂ ಓದು," ಎಂದ ಓಲ್ವೆರಾ. ಅಷ್ಟರಲ್ಲೇ ಅವನು ಮೇಜಿನ ಮೇಲಿದ್ದ ಉಳಿದ ಹಾಳೆಗಳನ್ನು ಓದಿ ಮುಗಿಸಿದ್ದ. ಒಂಬತ್ತನ್ನು ತೆಗೆದು ನನ್ನ ಕೈಗಿಟ್ಟ.

ಫೋನಿಗೆ ಬಾಯಿ ಹಚ್ಚಿ ಓದಿದೆ. ಜಡ್ಜು ಕೋಣೆಯ ಲೆಕ್ಕದಲ್ಲಿ, ನಾಲ್ಕರಿಂದ ಹತ್ತರ ತನಕ, ಒಬ್ಬೊಬ್ಬರ ಪೂರ್ತಿ ಹೆಸರು ಬರೆದಿದ್ದರು. ಹಕಬಿ ತನ್ನ ಹೆಸರು ಬಂದಾಗ ಟೋಪಿ ತೆಗೆದ. ಆಮೇಲೆ ಹೀಗಿತ್ತು: ಈ ಏಳು ಮಂದಿ ತಮಗೆ ಶಿಕ್ಷೆಯಾಗುವುದೆಂದು ತಿಳಿದೇ ನಡೆದದ್ದನ್ನು ಹೇಳಿದ್ದಾರೆ. ಶ್ರೀ ಓಲ್ವೆರಾ ತಮಗೆ ಶೋಭೆ ತಾರದ ಮಾತನ್ನೂ ಮುಚ್ಚಿಟ್ಟಿಲ್ಲ. ಇವರು ಕೈದಿಗಳೆಂಬುದನ್ನು ಬಿಟ್ಟು, ಇವರನ್ನು ನಂಬದಿರಲು ಸರ್ಕಾರ ಬೇರೆ ಯಾವ ಕಾರಣವನ್ನೂ ಕೊಟ್ಟಿಲ್ಲ. ಈ ನ್ಯಾಯಾಲಯ ಇವರನ್ನು ನಂಬುತ್ತದೆ.

ಹಾಲಿನಲ್ಲಿ ಯಾರೋ ಟಿವಿಯ ದನಿ ತಗ್ಗಿಸಿದರು. ನಮ್ಮಲ್ಲಿ ಒಬ್ಬೊಬ್ಬನೂ ಎಂದೋ ಒಮ್ಮೆ ಕೋರ್ಟಿನಲ್ಲಿ ನಿಂತವನು, ಆ ಮಾತನ್ನು ಮಾತ್ರ ಯಾರೂ ಕೇಳಿರಲಿಲ್ಲ. ಓಲ್ವೆರಾ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಿದ್ದ.

"ಇವರೆಲ್ಲ ಯಾರು?" ಎಂದು ಕೇಳಿದಳು ವರ್ಲೀನ್.

ನಾನು ಆರ್ಲಿಸ್‌ನ ಕಿವಿಗೆ ರಿಸೀವರ್ ಹಿಡಿದೆ. ಅವಳು ಇನ್ನೊಮ್ಮೆ ಕೇಳಿದಳು.

"ನಮ್ಮ ಸಾಲಿನೋರು ಅಕ್ಕ," ಎಂದ ಆರ್ಲಿಸ್. "ಇಲ್ಲೇ ಇದಾರೆ ಎಲ್ಲರೂ. ತಡಿ, ಒಬ್ಬೊಬ್ರಿಗೇ ಕೊಡ್ತೀನಿ."